ಸಾರು ಚೆಲ್ಲದ ಕಾರು

ಕಾರು ಪರೀಕ್ಷಿಸಲು ಸಾರು ಕುದಿಸುವ ಮನುಷ್ಯ ಇಡೀ ಬಹ್ರೈನಿನಲ್ಲಿ ಒಬ್ಬರೇ ಇದ್ದಾರೆ. ನನ್ನ ಗ್ರಹಚಾರ, ಅವರು ನನ್ನ ಭಾವ!

ಊರಿಗೆ ಮರಳುತ್ತಿದ್ದ ಬಿಳಿಯನೊಬ್ಬನಿಂದ ಭಾವ ಕೊಂಡದ್ದು ಅಜ್ಜಂದಿರ ಕಾಲದ ಸ್ಪೋರ್ಟ್ಸ್ ಕಾರು. ಗಾಳಿ ಸೀಳಿಕೊಂಡು ಓಡಲೆಂದೇ ಮಾಡಿದ್ದು; ಮೈ ಥೇಟ್ ಬಂಗುಡೆ ಮೀನಿನದು, ಎರಡೇ ಸೀಟು. ಗಾಳಿಗೆ ಒಂದಿಷ್ಟೂ ತೊಂದರೆಯಾಗದಂತೆ ಅದನ್ನು ರೂಪಿಸಿದ ಪುಣ್ಯಾತ್ಮರು, ಒಳಗೆ ಮನುಷ್ಯರೂ ಕೂರುತ್ತಾರೆಂಬುದನ್ನು ಮರೆತೇಬಿಟ್ಟಿದ್ದರು. ಒಂದು ಹಂಪ್ ದಾಟಿದರೆ ತಲೆ ಟಾಪಿಗೆ, ಸೊಂಟ ನೆಲಕ್ಕೆ! ಆದರೂ ಶುಕ್ರವಾರ ಬಂತೆಂದರೆ ಅಕ್ಕ ಅದರಲ್ಲಿ ಕೂತು "ಇನ್ನೂ ಜೋರು!" ಎಂದು ಕೂಗುತ್ತಿದ್ದಳು.

ಹೋದ ವರ್ಷ ಅಕ್ಕನ ಬೆನ್ನಿನ ಆಪರೇಷನ್ ಆಯಿತು. ಬೆನ್ನು ವಾಸಿಯಾಯಿತು, ಹೆದರಿಕೆ ವಾಸಿಯಾಗಲಿಲ್ಲ. "ಕಾರಿನ ಹೆಸರು ಎತ್ಬೇಡಿ" ಎಂದು ಸನದ್ ಬಡಾವಣೆಯ ತಮ್ಮ ಮನೆಯೊಳಗೇ ಉಳಿದುಬಿಟ್ಟಳು. ಇದನ್ನು ಮಾರಿ ದೊಡ್ಡದೊಂದು ಮೆತ್ತನೆಯ ಕಾರು ಕೊಳ್ಳಿ ಎಂದು ನಾವೆಲ್ಲ ಭಾವನಿಗೆ ಹೇಳಿದೆವು.

"ಅವಳನ್ನು ಸೋಫಾದಲ್ಲಿ ಕೂರಿಸ್ಲಿಕ್ಕೆ ಕಾರು ಯಾಕೆ ಮಾರಾಯ್ತಿ? ಸೋಫಾ ಮನೆಯಲ್ಲೇ ಉಂಟು! ಅವಳಿಗೆ ಸ್ಪೀಡೂ ಬೇಕು, ಬೆನ್ನೂ ನೋಯ್ಬಾರ್ದು. ನಾನು ಮಾಡ್ತೇನೆ ನೋಡು."

ಮಾಡಿದರು. ನನ್ನ ಮೇಲೆ! ನನ್ನದೂ ಅಕ್ಕನದೂ ಒಂದೇ ಎತ್ತರ, ಒಂದೇ ಗಾತ್ರ. ಹಾಗಾಗಿ ಪ್ರತಿ ಶುಕ್ರವಾರ ಗುದೈಬಿಯಾದ ನಮ್ಮ ಫ್ಲ್ಯಾಟಿನ ಕೆಳಗೆ ಬಂದು ಹಾರ್ನ್ ಹೊಡೆದು, ನನ್ನನ್ನು ಕಾರಿನೊಳಗೆ ತುರುಕಿ, ಮಡಿಲಲ್ಲಿ ಸಾರು ತುಂಬಿದ ಲೋಟ ಇಡುತ್ತಿದ್ದರು. ಸಾರು ಚೆಲ್ಲಿದರೆ ಕಾರು ಫೇಲು.

"ನೀರು ಇಟ್ರೆ ಆಗುದಿಲ್ವಾ ಭಾವ?"

"ನೀರಾದ್ರೆ ಒಣಗ್ತದೆ, ನೀನು ಚೆಲ್ಲಲೇ ಇಲ್ಲ ಅಂತ ಸುಳ್ಳು ಹೇಳ್ತಿ. ಸಾರಿನ ಕಲೆ ಸುಳ್ಳು ಹೇಳುದಿಲ್ಲ!"

ಸ್ಪ್ರಿಂಗ್ ಮೆತ್ತಗೆ ಮಾಡಿದರು. ತಿರುವಿನಲ್ಲಿ ಕಾರು ದೋಣಿಯ ಹಾಗೆ ವಾಲಿತು. ಗಟ್ಟಿ ಮಾಡಿದರು, ನನ್ನ ಹಲ್ಲು ಕಟಕಟ ಎಂದವು. ದಪ್ಪ ಕುಶನ್ ಹಾಕಿದರು. ತಲೆ ಟಾಪಿಗೆ ತಾಗಿತು. "ಟಾಪು ಸ್ವಲ್ಪ ಎತ್ತರಿಸಿ" ಎಂದೆ. "ಬಂಗುಡೆಗೆ ಗೂನಾ? ಸ್ಪೀಡು ಹೋಗ್ತದೆ!" ಎಂದು ರೇಗಿ, ಸೀಟಿನಡಿಯ ನೆಲವನ್ನೇ ತಗ್ಗಿಸಿದರು. ಅವತ್ತು ಅದ್ಲಿಯಾದ ಹೋಟೆಲೊಂದರ ಮುಂದೆ ನಿಲ್ಲಿಸಿದಾಗ ನನಗೆ ಏಳಲಿಕ್ಕೇ ಆಗಲಿಲ್ಲ. ಇಬ್ಬರು ವೇಟರುಗಳು ಬಂದು ಎಳೆದು ತೆಗೆದರು. ಒಬ್ಬ ನನ್ನ ಚೂಡಿದಾರದಿಂದ ಬರುತ್ತಿದ್ದ ಇಂಗಿನ ವಾಸನೆ ಹಿಡಿದು, "ಮೇಡಂ, ಖಾನಾ ಲೇನೆ ಆಯೀ ಹೈಂ ಯಾ ದೇನೆ?" ಎಂದು ಕೇಳಿದ; ಊಟ ಒಯ್ಯಲು ಬಂದದ್ದೋ, ಕೊಡಲು ಬಂದದ್ದೋ ಎಂದು!

ನಾನು ಡಯಟ್ ಶುರುಮಾಡಿದ ಸುದ್ದಿ ಕೇಳಿ ಭಾವ ಡಬ್ಬಿ ತುಂಬ ರವೆ ಉಂಡೆ ಹಿಡಿದು ಓಡಿ ಬಂದರು. "ನೀನು ಸಪೂರ ಆದ್ರೆ ನನ್ನ ಸ್ಪ್ರಿಂಗ್ ಎಲ್ಲ ಹಾಳು. ತಿನ್ನು!" ಇಂಥ ಭಾವ ಯಾರಿಗೆ ಸಿಗುತ್ತಾರೆ ಹೇಳಿ?

ಕೊನೆಗೊಂದು ಶುಕ್ರವಾರ, ಹೈವೇಯಲ್ಲಿ ಅಷ್ಟು ಜೋರಾಗಿ ಹೋದರೂ ಒಂದು ಹನಿ ಚೆಲ್ಲಲಿಲ್ಲ. ಭಾವ ಬಗ್ಗಿ ಲೋಟ ನೋಡಿದರು. "ಯಲ್ಲಾ, ನಡಿ, ಅಕ್ಕನ ಹತ್ರ ಹೋಗುವ" ಎಂದರು.

"ನನ್ನಿಂದ ಆಗುದಿಲ್ಲ" ಎಂದಳು ಅಕ್ಕ.

"ಒಂದೇ ಸಲ. ನೋವಾದ್ರೆ ನಾಳೆಯೇ ಮಾರಿಬಿಡ್ತೇನೆ." ಭಾವ ಕಾರಿನ ಬಾಗಿಲು ತೆರೆದು ಹಿಡಿದರು.

ಅಕ್ಕ ಹೆದರುತ್ತಲೇ ಕೂತಳು, ಮಡಿಲಲ್ಲಿ ಸಾರಿನ ಲೋಟ. ಕಾರಿನ ಬಾಲ ಕುಣಿಯುತ್ತದಾ ನೋಡಿ ಹೇಳಲು ನಾನು ಭಾವನ ಜೊತೆ ಫೋನ್ ಆನ್ ಇಟ್ಟುಕೊಂಡು ನನ್ನ ಕಾರಿನಲ್ಲಿ ಹಿಂದೆ ಹೊರಟೆ. ಹೈವೇಯಲ್ಲಿ ನೀರಿನ ಟ್ಯಾಂಕರುಗಳೂ ನಮ್ಮನ್ನು ಹಿಂದೆ ಹಾಕಿ ಹಾರ್ನ್ ಹೊಡೆದವು! ಫೋನಿನಲ್ಲಿ ಭಾವನದೊಂದೇ ಸ್ವರ: "ನೋವುಂಟಾ? ಈಗ ನೋವುಂಟಾ?" ಸ್ವಲ್ಪ ಹೊತ್ತಿಗೆ ಸೊರ್ ಎಂದು ಹೀರಿದ ಸದ್ದು.

"ಅಯ್ಯೋ, ಎಂಥ ಮಾಡಿದೆ ಮಾರಾಯ್ತಿ? ಅದು ಕುಡೀಲಿಕ್ಕೆ ಅಲ್ಲ!"

"ಇನ್ನು ಚೆಲ್ಲಲಿಕ್ಕೆ ಎಂಥದ್ದೂ ಇಲ್ಲ. ಜೋರು ಬಿಡಿ."

ಬಂಗುಡೆ ನನ್ನ ಕಣ್ಣೆದುರೇ ಹಾರಿಹೋಯಿತು. ಫೋನಿನ ತುಂಬ ಗಾಳಿಯ ಸದ್ದು, ನಡುವೆ ಭಾವ ಮೂಗೆಳೆದುಕೊಂಡದ್ದು ಕೇಳಿಸಿತು. ರಸ್ತೆ ಬದಿಗೆ ಕಾರು ನಿಲ್ಲಿಸಿ ನಾನೂ ಅತ್ತುಬಿಟ್ಟೆ. ಅಕ್ಕ ಮಾತ್ರ ಕೂಗುತ್ತಲೇ ಇದ್ದಳು: "ಇನ್ನೂ ಜೋರು!"