ಮುರುಗೆಪ್ಪನ ರಕ್ತದಲ್ಲಿ ಸಿಕ್ಕಿಬಿದ್ದದ್ದು

ಮಗಳು ಕೇಳಿದಳೆಂದು ಮುರುಗೆಪ್ಪ ಒಂದು ಟ್ಯೂಬು ರಕ್ತ ಕೊಟ್ಟದ್ದೇ ತಪ್ಪಾಯಿತು. ತೇಜಶ್ರೀ ಕೀಲ್ಪಾಕಿನ ಲ್ಯಾಬೊಂದರಲ್ಲಿ ರಕ್ತದೊಳಗೆ ಅಡಗಿರುವ ಕ್ಯಾನ್ಸರ್ ಕಣಗಳನ್ನು ಹಿಡಿಯುವ ಯಂತ್ರ ತಯಾರಿಸುತ್ತಿದ್ದಳು. ಕೋಟಿಗಟ್ಟಲೆ ಕಣಗಳ ನಡುವೆ ಅಂಥವು ಒಂದೆರಡು ಇರುತ್ತವಂತೆ; ಅವನ್ನು ಹಿಡಿಯುವುದೆಂದರೆ ದೀಪಾವಳಿಯ ಹಿಂದಿನ ದಿನ ಟಿ. ನಗರದ ಜಂಗುಳಿಯಲ್ಲಿ ಕಳೆದುಹೋದ ಸೋದರತ್ತೆಯನ್ನು ಹುಡುಕಿದ ಹಾಗೆ.

ಶನಿವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಾ ಫೋನಿನಲ್ಲಿ ಯಾರಿಗೋ ತಮಿಳಿನಲ್ಲಿ ಹೇಳಿದಳು: "ಅಪ್ಪಾ ಸ್ಯಾಂಪಲ್‌ಲ ಕ್ಯಾನ್ಸರ್ ಸೆಲ್ ಎಲ್ಲಾಮೇ ಮಾಟ್ಟಿಕ್ಕಿಚ್ಚು."

ಎಲ್ಲವೂ ಸಿಕ್ಕಿಬಿದ್ದವು ಅಂದರೆ? ಕೇಳುವಷ್ಟರಲ್ಲಿ ಅವಳು ನಗುತ್ತಾ ಆಟೋ ಹತ್ತಿದ್ದಳು. ಪಾಪ, ನನ್ನೆದುರು ಅಳಬಾರದೆಂದು ನಗುತ್ತಾಳೆ ಅಂದುಕೊಂಡ ಮುರುಗೆಪ್ಪ ಅರ್ಧ ತಿಂದ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮೇಲಿನ ಮನೆಯ ಕಮಲಾಕರರ ಬಳಿ ಗುಟ್ಟು ಹೇಳಿಕೊಂಡ.

"ಮನೆಯವ್ರಿಗೆ ಈಗ್ಲೇ ಹೇಳ್ಬೇಡಿ, ಹೆದರ್ಕೋತಾರೆ," ಎಂದರು ಮೈಸೂರಿನ ಕಮಲಾಕರ. "ಯಾರ ಹತ್ರಾನಾದ್ರೂ ಜಗಳ ಇದ್ರೆ ಮೊದ್ಲು ಮುಗಿಸ್ಕೊಳ್ಳಿ. ನಾನಂತೂ ಬಾಯಿ ಬಿಡೋದಿಲ್ಲ."

ಮಧ್ಯಾಹ್ನದೊಳಗೆ ನೆರೆಯವರಲ್ಲಿ ಒಬ್ಬರು ಪಪ್ಪಾಯಿ ಎಲೆಯ ರಸ ತಂದರು, ಇನ್ನೊಬ್ಬರು ವಿಭೂತಿ ತಂದರು. ಎಲ್ಲರೂ ಬಾಯಿ ಬಿಡದೆ, ಕಣ್ಣು ಮಾತ್ರ ಒರೆಸಿಕೊಂಡು ಹೋದರು.

ಮುರುಗೆಪ್ಪನಿಗಿದ್ದದ್ದು ಒಂದೇ ಜಗಳ, ಎಣ್ಣೂರಿನಲ್ಲಿರುವ ಹೆಂಡತಿಯ ತಮ್ಮ ಸದಾನಂದನ ಜೊತೆ. ಆರು ವರ್ಷದ ಹಿಂದೆ ಒಂದು ಮದುವೆಯಲ್ಲಿ, ಮುರುಗೆಪ್ಪನ ಮೀಸೆಯ ಬಣ್ಣ ಬೆವರಿಗೆ ಗಲ್ಲದವರೆಗೆ ಇಳಿದದ್ದನ್ನು ಅವನು ನೆಂಟರಿಗೆಲ್ಲ ತೋರಿಸಿ ನಕ್ಕಿದ್ದ. ಅಂದಿನಿಂದ ಮಾತಿಲ್ಲ.

"ಸದಾನಂದ, ತಪ್ಪು ನಂದು," ಎಂದ ಮುರುಗೆಪ್ಪ ಫೋನಿನಲ್ಲಿ. "ಬಂದು ನಾಲ್ಕು ದಿನ ಇರಪಾ. ಮುಂದ ನಿಮ್ಮಕ್ಕನ್ನ ನೀನ ನೋಡ್ಕೋಬೇಕು."

ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿ ನೀಲಗಂಗಮ್ಮನ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂತ. "ನೀಲಾ, ನಾ ಇಷ್ಟು ವರ್ಷ ಸಿಟ್ಟು ಮಾಡಿದ್ದೆಲ್ಲ ಮನಸ್ಸಿನಾಗ ಇಟ್ಕೋಬ್ಯಾಡ."

ಅವಳು ಗೋಡೆಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡು ಅವನು ಸೆರಗಿನ ತುದಿಯನ್ನು ಅವಳ ಕೈಗೆ ಕೊಟ್ಟ.

ಸಂಜೆ ಮಗಳು ಬಂದೊಡನೆ ಕೇಳಿದ: "ನನಗಿನ್ನ ಎಷ್ಟು ದಿನ ಐತವ್ವಾ?"

ತೇಜಶ್ರೀ ಬೆರಗಾದಳು. "ಅಪ್ಪಾ, ನಿಮ್ಮ ರಕ್ತ ಚೆನ್ನಾಗೈತಿ. ಮಷೀನ್ ಹಿಡೀತದೋ ಇಲ್ಲೋ ನೋಡಾಕ ಕ್ಯಾನ್ಸರ್ ಸೆಲ್ ನಾವೇ ಟ್ಯೂಬಿಗೆ ಹಾಕಿದ್ವಿ. ಮಧ್ಯಾಹ್ನನೇ ಅಮ್ಮಂಗೆ ಹೇಳಿದ್ನಲ್ಲಾ."

ಮುರುಗೆಪ್ಪ ಹೆಂಡತಿಯತ್ತ ತಿರುಗಿದ.

"ಮ್ಯಾಲಿನ ಮನಿ ಕಮಲಾಕರರ ಹೆಂಡ್ತಿ ಸೀತಾ ಅತಗೋಂತ ಬಂದಿದ್ಲು," ಎಂದಳು ನೀಲಗಂಗಮ್ಮ. "ನನ್ನ ಜೀವಾನ ಹೋದಂಗಾತು. ತೇಜೂಗ ಫೋನ್ ಮಾಡಿ ಕೇಳಿ, ನಿಮಗ ಹೇಳಾಕ ಓಡಿ ಬಂದೆ. ನೀವು ಸದಾನಂದನ ಜೋಡಿ ಮಾತಾಡಾಕತ್ತಿದ್ರಿ." ಅವಳ ದನಿ ಸಣ್ಣದಾಯಿತು. "ಆರು ವರ್ಷ ಆತ್ರಿ, ಅವ ಈ ಮನಿಗೆ ಬಂದು. ಅವ ಬಸ್ ಹತ್ತೋತನಕ ಬಾಯಿ ಬಿಡಾಕ ಮನಸ್ಸು ಬರಲಿಲ್ಲ."

ಬೆಲ್ ಆಯಿತು. ಬಾಗಿಲಲ್ಲಿ ಎರಡು ದೊಡ್ಡ ಚೀಲಗಳೊಡನೆ ಸದಾನಂದ.

"ಬಸ್ಸಿನಾಗ ಇದ್ದಾಗ ಅಕ್ಕ ಫೋನ್ ಮಾಡಿ ಎಲ್ಲಾ ಹೇಳ್ಯಾಳ, ಭಾವ. ನಿಮಗೇನೂ ಆಗಿಲ್ಲಂತ ಕೇಳಿ ಜೀವ ತಣ್ಣಗಾತು," ಎಂದು ಅವನು ಮುರುಗೆಪ್ಪನನ್ನು ತಬ್ಬಿಕೊಂಡ. "ಆದ್ರ ಕರೆದದ್ದನ್ನ ವಾಪಸ್ ತಗೊಳ್ಳಾಕ ಬರಂಗಿಲ್ಲ. ನೀವು ನಾಲ್ಕು ದಿನ ಅಂದ್ರಿ, ನಾ ಒಂದು ತಿಂಗಳ ರಜಾ ಹಾಕಿ ಬಂದೀನಿ."

ನೀಲಗಂಗಮ್ಮ ಆಗಲೇ ಒಳಗೆ ಹೋಗಿ, ಫ್ಯಾನಿನ ಕೆಳಗಿದ್ದ ಗಂಡನ ಮಂಚಕ್ಕೆ ತಮ್ಮನಿಗಾಗಿ ಹೊಸ ಚಾದರ ಹಾಸುತ್ತಿದ್ದಳು, ಏನೋ ಗುನುಗಿಕೊಳ್ಳುತ್ತಾ. ಅವಳು ಗುನುಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಮುರುಗೆಪ್ಪ ಭಾರದ ಚೀಲವನ್ನೇ ಎತ್ತಿಕೊಂಡು, ಇನ್ನೊಂದು ತಿಂಗಳು ತಾನೆಲ್ಲಿ ಮಲಗುವುದೆಂದು ಯೋಚಿಸುತ್ತಾ ಒಳಗೆ ನಡೆದ.