ರೈಟರ ಮೂಗು ಮತ್ತು ಸಾವ್ಕಾರರ ಜೀಪು

ಲೋಕದಲ್ಲಿ ಯಾರು ಬೇಕಾದರೂ ಸೀನಬಹುದು. ನಾನು ಸೀನಿದರೆ ಮಾತ್ರ ಎಲ್ಲರೂ ವಿಚಾರಣೆಗೆ ಕೂರುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಹಾಸನದ ಕಡೆಯಿಂದ ಬಂದು ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರಾಗಿ ಸೇರಿದೆ. ಅಂದಿನಿಂದ ಪ್ರತಿ ಹೂವಿನ ಕಾಲಕ್ಕೂ ಈ ಅನ್ಯಾಯ ನಡೆದೇ ಇದೆ. ಎಲ್ಲರೂ ಕಾಫಿ ಹೂವಿನ ಪರಿಮಳ ಹೊಗಳುತ್ತಾರೆ. ನನಗೆ ಗೊತ್ತಿದ್ದದ್ದು ಸೀನು ಮಾತ್ರ.

ಒಂಟಿ ಸೀನು

ನಮ್ಮ ಸಾವ್ಕಾರರು ಶಕುನದ ಮನುಷ್ಯ. ಹೊರಡುವಾಗ ಯಾರಾದರೂ ಒಂದು ಸೀನಿದರೆ ಕೆಲಸ ಕೆಟ್ಟಿತು. ಎರಡು ಸೀನಿದರೆ ದೋಷವಿಲ್ಲ. ನನ್ನ ಮೂಗಿಗೆ ಈ ಕಾನೂನು ಎಲ್ಲಿ ತಿಳಿಯಬೇಕು? ಅವರು ಜೀಪು ಹತ್ತುವುದು, ನಾನು ಸೀನುವುದು, ಅವರು ಇಳಿದು ಒಳಗೆ ಹೋಗಿ ನೀರು ಕುಡಿದು ಬರುವುದು. ಒಂದು ದಿನ ಮೂರು ಸಲ ಇಳಿದರು. ನಾಲ್ಕನೆಯ ಸಲ ಹತ್ತಲೇ ಇಲ್ಲ.

“ಹೂವಿನ ಕಾಲ ಮುಗಿಯೋದ್ರೊಳಗೆ ಈ ಮೂಗು ಸರಿ ಮಾಡ್ಕೊ. ಇಲ್ಲದಿದ್ರೆ ಬೇರೆ ಎಸ್ಟೇಟ್ ನೋಡ್ಕೊ.”

ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಅವ್ವನನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಆಗಲಿ ಎನ್ನಲು ಬಾಯಿ ತೆರೆದೆ. ಸೀನು ಬಂತು. ಅದೂ ಒಂದೇ.

ಅವ್ವನ ತೀರ್ಪು

ಕುಶಾಲನಗರದ ಡಾಕ್ಟರು ಎರಡು ಔಷಧಿ ಕೊಟ್ಟರು. ರಬ್ಬರ್ ಉಂಡೆ ಹಿಚುಕಿದರೆ ಮೂಗಿಗೆ ಚಿಮ್ಮುವ ಸೀಸೆ ಒಂದು, ಮಲಗುವಾಗ ನುಂಗುವ ಮಾತ್ರೆ ಇನ್ನೊಂದು.

“ಕಟ್ಟಿದ ಮೂಗಿಗೆ ಅದು, ಸೀನು ತುರಿಕೆಗೆ ಇದು. ಎರಡೂ ತಗೋಬೇಕು. ಮಾತ್ರೆಗೆ ನಿದ್ದೆ ಬರುತ್ತೆ” ಎಂದು ಬಿಡಿಸಿ ಹೇಳಿದರು.

ಅವ್ವ ಒಪ್ಪಬೇಕಲ್ಲ!

“ಎರಡೂ ಒಟ್ಟಿಗೆ ಬಿದ್ರೆ ಉಷ್ಣ ಆಗ್ತದೆ ಕಣಪ್ಪ. ಒಂದು ದಿನ ಅದು, ಒಂದು ದಿನ ಇದು. ಸೀನು ಬರೋದು ಬೆಳಿಗ್ಗೆ, ಮಾತ್ರೆ ರಾತ್ರಿ ಯಾಕೆ?”

ಬೆಳಿಗ್ಗೆ ಕಾಫಿಯ ಜೊತೆ ಮಾತ್ರೆ ನುಂಗಿಸಿಯೇ ಕಳಿಸಿದಳು. ಹಾಜರಿ ಕರೆಯುತ್ತ ಐದನೆಯ ಹೆಸರಿಗೆ ಪುಸ್ತಕದ ಮೇಲೆಯೇ ಒರಗಿದೆ. ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಆಳುಗಳೆಲ್ಲ ನನ್ನ ಸುತ್ತ ಕೂತು ಎಲೆಅಡಿಕೆ ಹಾಕುತ್ತಿದ್ದರು.

“ಒಬ್ಬರಿಗಾದರೂ ಎಬ್ಬಿಸಬೇಕು ಅನ್ನಿಸಲಿಲ್ವಾ?” ಎಂದು ರೇಗಿದೆ.

ಒಬ್ಬಳು ಹೆಂಗಸು ಎದ್ದು ನಿಂತಳು. “ಎಬ್ಬಿಸೋದಾ? ಕೆಮ್ಮು ಬಂದ್ರೂ ತಡ್ಕೊಂಡು ಕೂತಿದ್ವಿ ರೈಟರೇ!”

ಮೇಸ್ತ್ರಿಯ ವಿದ್ಯೆ

ಮಾತ್ರೆ ಬಿಟ್ಟು ಸೀಸೆ ಹಿಡಿದೆ. ಅದಕ್ಕೂ ಒಬ್ಬ ಯಜಮಾನ ಹುಟ್ಟಿಕೊಂಡ. ಕಾಫಿ ಗಿಡಗಳಿಗೆ ಔಷಧಿ ಹೊಡೆಸುವುದರಲ್ಲಿ ಪಳಗಿದ ನಮ್ಮ ಮೇಸ್ತ್ರಿ ಸೀಸೆಯನ್ನು ಕಿತ್ತುಕೊಂಡ.

“ಎಲೆ ಅಡಿಗೆ ಬೀಳೋ ಹಾಗೆ ಕೆಳಗಿಂದ ಮೇಲಕ್ಕೆ ಹೊಡೀಬೇಕು” ಎಂದು ಹಿಚುಕಿದ ರಭಸಕ್ಕೆ ಅರ್ಧ ಔಷಧಿ ನನ್ನ ಕಣ್ಣಿಗೆ ಬಿತ್ತು. ಆಮೇಲೆ ತಾನೇ ಏನೋ ನೆನಪಾದವನಂತೆ ಸೀಸೆಯನ್ನು ಜೇಬಿಗೆ ಹಾಕಿಕೊಂಡ.

“ಹೂವು ಬಿಟ್ಟಾಗ ಯಾರಾದ್ರೂ ಔಷಧಿ ಹೊಡೀತಾರಾ? ಕಾಯಿ ಕಚ್ಚಲ್ಲ.”

“ನನ್ನ ಮೂಗಿನಲ್ಲಿ ಯಾವ ಕಾಯಿ ಕಚ್ಚಬೇಕಯ್ಯಾ?”

“ಅದು ನಂಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ನಾನೇ ಹೊಡೀತೇನೆ.”

ಸೀನದ ಅಪರಾಧ

ನನಗೆ ರೋಸಿಹೋಯಿತು. ಸೀಸೆ ಕಸಿದುಕೊಂಡು, ಅವ್ವನಿಗೆ ಗಟ್ಟಿಯಾಗಿ ಹೇಳಿ, ಡಾಕ್ಟರು ಅಂದ ಹಾಗೆಯೇ ಎರಡನ್ನೂ ವಾರವಿಡೀ ತೆಗೆದುಕೊಂಡೆ. ಮೂಗು ತೆಪ್ಪಗಾಯಿತು. ಕಾಫಿ ಹೂವಿನ ಪರಿಮಳ ಮೊದಲ ಸಲ ತಿಳಿಯಿತು. ಸಾವ್ಕಾರರು ಜೀಪು ಹತ್ತಿದಾಗ ಎದೆಯುಬ್ಬಿಸಿ ಪಕ್ಕದಲ್ಲೇ ನಿಂತೆ. ಒಂದೇ ಏಟಿಗೆ ಹೊರಟು ಹೋದರು.

ಸಂಜೆ ನಡೆದುಕೊಂಡು ಬಂದರು. ಹೂವಿನ ಕಾಲದ ಮಳೆಗೆ ಕೆಸರಾಗಿದ್ದ ತಿರುವಿನಲ್ಲಿ ಜೀಪು ಚರಂಡಿಗೆ ಇಳಿದಿತ್ತು. ಮೊಣಕಾಲವರೆಗೆ ರಾಡಿ ಮೆತ್ತಿತ್ತು. ನನ್ನನ್ನು ಕಂಡವರೇ ಗುಡುಗಿದರು.

“ದಿನಾ ಸೀನೋನು ಇವತ್ತು ಯಾಕೋ ಸುಮ್ಮನಿದ್ದೆ? ಒಂದು ಸೀನಿದ್ರೆ ನಾನು ಉಳೀತಿದ್ದೆ!”

“ಮೂಗು ಸರಿ ಮಾಡ್ಕೊ ಅಂದವರು ನೀವೇ ಅಲ್ವಾ?” ನನಗೂ ಸಿಟ್ಟು ನೆತ್ತಿಗೇರಿತು. “ಸೀನಿದ್ರೂ ತಪ್ಪು, ಸೀನದಿದ್ರೂ ತಪ್ಪಾ? ಈಗ ನನ್ನ ಕೆಲಸದ ಗತಿ ಏನು ಹೇಳಿ!”

ಸಾವ್ಕಾರರು ಒಮ್ಮೆ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಒಳಗೆ ಅವರ ಹೆಂಡತಿಯ ಬಳೆ ಸದ್ದು ಕೇಳುತ್ತಿತ್ತು. ದನಿ ತಗ್ಗಿಸಿ ನನ್ನ ಹತ್ತಿರ ಬಂದರು.

“ನಿನ್ನ ಕೆಲಸ ಎಲ್ಲೂ ಹೋಗಲ್ಲ. ಮುಂದಿನ ಭಾನುವಾರ ಸಂಪಾಜೆಗೆ, ಇವಳ ಅಣ್ಣನ ಮನೆಗೆ ಹೊರಡಬೇಕಂತೆ. ಶುಕ್ರವಾರದಿಂದ್ಲೇ ನಿನ್ನ ಔಷಧಿ ನಿಲ್ಸು. ಜೀಪಿನ ಪಕ್ಕ ಬಂದು ನಿಂತ್ಕೊ. ಎರಡು ಸೀನಿ ಹಾಳು ಮಾಡ್ಬೇಡ, ಒಂದೇ ಸಾಕು.”