ನನ್ನ ಮೊದಲ ಕಂಪೈಲ್ ಮತ್ತು ಅತ್ತೆಯವರು

ಕ್ರಾಂತಿ ಮಾಡುವವನಿಗೆ ಮನೆಯಲ್ಲಿ ಬೆಲೆಯಿಲ್ಲ. ಶನಿವಾರ ನಮ್ಮ ಕಂಪ್ಯೂಟರಿನಿಂದ ಹಳೆಯ ಆಪರೇಟಿಂಗ್ ಸಿಸ್ಟಂ ಅನ್ನು ಬುಡಸಮೇತ ಕಿತ್ತು ಲಿನಕ್ಸ್ ಪ್ರತಿಷ್ಠಾಪಿಸಿದೆ. ಆಡು ಕಾಯುವ ವಂಶದಲ್ಲಿ ಮೊದಲ ಡಿಗ್ರಿ ಪಡೆದವನು ನಾನು; ಇಷ್ಟಾದರೂ ಮಾಡಬೇಡವೇ? (ಹೆಂಡತಿ ಫೋತಿನಿಯ ಪ್ರಕಾರ, ಬೇಡವಾಗಿತ್ತು.)

"ಅದು ಸರಿಯಾಗೇ ಇತ್ತಲ್ಲ, ಲಾಂಬ್ರೋಸ್!"

"ಸರಿಯಾಗಿದ್ದದ್ದೇ ತಪ್ಪು! ಇನ್ಮೇಲೆ ಪ್ರೋಗ್ರಾಂ ನಾನೇ ಬರೀತೀನಿ, ನಾನೇ ಕಂಪೈಲ್ ಮಾಡ್ತೀನಿ."

"ನಾಳೆ ಊಟಕ್ಕೆ ಥೆಮಿಸ್ ಬರ್ತಾನೆ. ಅಷ್ಟರೊಳಗೆ ಒಂದಾದ್ರೂ ಓಡಿಸಿ ತೋರ್ಸು. ಇಲ್ದಿದ್ರೆ ಅವನ ಕೈಲಿ ಹಳೇದನ್ನೇ ಹಾಕಿಸ್ತೀನಿ."

ಥೆಮಿಸ್ ಅವಳ ತಮ್ಮ. ವೋಲೋಸ್ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ, ಮುಖದ ಮೇಲೆ ಸದಾ ಒಂದು ಮಂದಹಾಸ. ಅವನಿಂದ ರಿಪೇರಿ ಮಾಡಿಸಿಕೊಳ್ಳುವುದಕ್ಕಿಂತ ಆಡುಗಳ ಹಿಂದೆ ಹೋಗುವುದೇ ಗೌರವ.

ಭಾನುವಾರ ಬೆಳಿಗ್ಗೆಯೇ ಯುದ್ಧಕ್ಕೆ ಕೂತೆ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮೊದಲು ಇರಲೇ ಇಲ್ಲ, ಇಂಟರ್ನೆಟ್ಟಿನಿಂದ ತರಿಸಿದೆ. ಬಂದದ್ದೇ ನನ್ನ ಆರು ಸಾಲುಗಳಲ್ಲಿ ಹನ್ನೆರಡು ತಪ್ಪು ಹುಡುಕಿತು (ಫೋತಿನಿಯೂ ಇಷ್ಟು ಹುಡುಕಿದವಳಲ್ಲ). ತಿದ್ದಿದೆ. ಕೊನೆಗೆ ಒಪ್ಪಿತು. ಹುಟ್ಟಿದ ಪ್ರೋಗ್ರಾಂ ಕೂಸಿಗೆ 'ಟೆಸ್ಟ್' ಎಂದು ಹೆಸರಿಟ್ಟು, ಆ ಹೆಸರನ್ನು ಟೈಪಿಸಿ ಕರೆದೆ.

ಪರದೆಯ ಮೇಲೆ ತಪ್ಪೂ ಇಲ್ಲ, ಉತ್ತರವೂ ಇಲ್ಲ. ಏಳು ಸಲ ಕರೆದೆ. ಅಷ್ಟರಲ್ಲಿ ಥೆಮಿಸ್ ಬಂದು ನನ್ನ ಹೆಗಲ ಹಿಂದೆಯೇ ನಿಂತ.

"ಎದ್ದೇಳು ಭಾವ, ಹತ್ತು ನಿಮಿಷದ ಕೆಲಸ."

"ಕುರ್ಚಿ ಬಿಡಲ್ಲ!" ಎಂದೆ.

ಪಕ್ಕದ ಮೇಜಿನಲ್ಲಿ ಪಾಲಕ್ ಪೈಗೆ ಹಿಟ್ಟು ಲಟ್ಟಿಸುತ್ತಿದ್ದ ಅತ್ತೆ ದೆಸ್ಪಿನಾ ತಲೆಯೆತ್ತಿದರು.

"ಏನು ಹೆಸರಿಟ್ಟೆ ಮಗಾ?"

"ಟೆಸ್ಟ್, ಅತ್ತೆ."

"ಆ ಹೆಸರಿನ ಹಿರಿಯರು ಒಳಗೆ ಮೊದಲೇ ಯಾರಾದ್ರೂ ಇದಾರಾ?"

ನಕ್ಕೆ. ನಕ್ಕವನೇ ಕದ್ದು ಕೈಪಿಡಿ ನೋಡಿದೆ. ಇದ್ದರು! ಸಿಸ್ಟಂಗೇ ಸೇರಿದ ಹಳೆಯ ಟೆಸ್ಟ್ ಒಂದಿತ್ತು. ಕರೆದಾಗಲೆಲ್ಲ ಬಂದು, ಏನೂ ಮಾತಾಡದೆ ಹೋಗುವುದೇ ಅದರ ಸ್ವಭಾವ.

"ನಮ್ಮಲ್ಲಿ ಮೊಮ್ಮಕ್ಕಳಿಗೆಲ್ಲ ಅಜ್ಜನ ಹೆಸರು ತಾನೇ?" ಎಂದರು ಅತ್ತೆ. "ಅಂಗಳದಲ್ಲಿ 'ಅರ್ಗಿರಿಸ್' ಅಂತ ಕೂಗಿದ್ರೆ ಯಾರು ಬರ್ತಾರೆ?"

"ಮಾವ."

"ಬಂದು?"

"ಸುಮ್ನೆ ನಿಂತು ವಾಪಸ್ ಹೋಗ್ತಾರೆ."

"ನಿನ್ನ ಮಗ ಬೇಕಾದ್ರೆ?"

"'ಈ ಮನೆ ಅರ್ಗಿರಿಸ್' ಅಂತೀವಿ."

"ಅದಕ್ಕೂ ಹಂಗೇ ಅನ್ನು!"

ಥೆಮಿಸನ ಮಂದಹಾಸ ಮೊದಲ ಬಾರಿಗೆ ಮಾಯವಾಯಿತು. 'ಇಲ್ಲೇ ಇರುವವನು' ಎಂದು ತಿಳಿಸಲು ಹೆಸರಿಗೆ ಮೊದಲು ಒಂದು ಚುಕ್ಕಿ, ಒಂದು ಓರೆಗೆರೆ ಹಾಕಿ ಕರೆದೆ. ಓಡಿತು! ನನ್ನ ಪ್ರೋಗ್ರಾಂ ಪರದೆಯ ಮೇಲೆ ಮಾತಾಡಿತು! ವಿಜಯೋತ್ಸಾಹದಲ್ಲಿ ಎರಡೂ ಕೈ ಎತ್ತಿದೆ. ಪರದೆಯನ್ನು ಮರೆಮಾಡಲು ಕೈಗಳೇ ಉಳಿಯಲಿಲ್ಲ.

ಫೋತಿನಿ ಗಟ್ಟಿಯಾಗಿ ಓದಿದಳು: "'ಈ ಮನೆಯಲ್ಲಿ ಯಾರ ಸಹಾಯವೂ ನನಗೆ ಬೇಕಾಗಿಲ್ಲ. ಇಂತಿ, ಲಾಂಬ್ರೋಸ್.'"

ಅತ್ತೆ ಕೈಯ ಹಿಟ್ಟು ಕೊಡವಿ ಪರದೆಯನ್ನೂ ನನ್ನನ್ನೂ ನೋಡಿದರು. "ಚೆನ್ನಾಗಿ ಮಾತಾಡ್ತದೆ. ಅಪ್ಪನದೇ ಹೋಲಿಕೆ."

ಲಿನಕ್ಸ್ ಉಳಿಯಿತು. ನಾನು ಸೋಲೊಪ್ಪಲಿಲ್ಲ, ಒಪ್ಪುವುದೂ ಇಲ್ಲ. ಆ ಭಾನುವಾರ ಒಂಬತ್ತು ಜನರ ಊಟದ ಪಾತ್ರೆಗಳನ್ನೆಲ್ಲ ಯಾರ ಸಹಾಯವೂ ಇಲ್ಲದೆ ತೊಳೆದೆ.